ಪಟದ ಮೇಲಿನ ಗೀರುಗಳು

ಹಿಂದಿನ ಸಂಜೆಯಷ್ಟೇ ಉಜ್ಜಿ, ಒರೆಸಿ, ನೀರಿನಷ್ಟು ತಿಳಿಯಾಗಿಸಿ ಗೋಡೆಗೆ ತೂಗುಹಾಕಿದ್ದ ಪಟದ ಮೇಲೆ ಬೆಳಗಾಗುವಷ್ಟರಲ್ಲಿ ಏಳು ಹೊಸ ಗೀರುಗಳು ಬಿದ್ದಿದ್ದವು. ಎಣಿಸಬೇಕೆಂದು ಎಣಿಸಿದ್ದಲ್ಲ. ಮೂವತ್ತೊಂದು ವರ್ಷ ಅದನ್ನೇ ಮಾಡಿದ ಕಣ್ಣು ಅವನನ್ನು ಕೇಳದೆ ತಾನೇ ಎಣಿಸಿಬಿಡುತ್ತಿತ್ತು. ವಿದ್ಯುತ್ ಮೀಟರುಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ ತಯಾರಿಸುವ ಕಾರ್ಖಾನೆಯಲ್ಲಿ, ಸಾಲಿನ ಕಟ್ಟಕಡೆಯ ಮೇಜಿನ ಮುಂದೆ, ಟ್ಯೂಬ್‌ಲೈಟಿನ ಕೆಳಗೆ ಕೂತು ಮುಚ್ಚಳಗಳನ್ನು ಒಂದೊಂದಾಗಿ ಎತ್ತಿ ಓರೆ ಮಾಡಿ ನೋಡುವುದು, ಗೀರಿದ್ದದ್ದನ್ನು ಎಡಗಡೆಯ ಡಬ್ಬಕ್ಕೆ ಎಸೆಯುವುದು, ಇದು ಅವನ ಉದ್ಯೋಗವಾಗಿತ್ತು. ಅಲ್ಲಿನವರು ಅವನಿಗೆ ಗೀರಪ್ಪ ಎಂದು ಹೆಸರಿಟ್ಟಿದ್ದರು. ಗೀರಪ್ಪನ ಕೈಗೆ ಸಿಕ್ಕರೆ ಚಂದ್ರನೂ ಎಡಗಡೆ ಡಬ್ಬಕ್ಕೇ, ಎಂದು ಊಟದ ಬಿಡುವಿನಲ್ಲಿ ನಗುತ್ತಿದ್ದರು. ಅವನಿಗೆ ಅದು ಬೈಗುಳವೆಂದು ಅನಿಸಿದ್ದೇ ಇಲ್ಲ. ನಿವೃತ್ತಿಯ ದಿನ ಮಾಲೀಕರು ಮೈಕಿನಲ್ಲಿ ಆ ಹೆಸರು ಹಿಡಿದೇ ಕರೆದಾಗ ಕಣ್ಣು ತುಂಬಿಕೊಂಡಿತ್ತು.

ಹೆಂಡತಿ ಪಟದ ಕೆಳಗಿನ ಕುರ್ಚಿಯಲ್ಲಿ, ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ, ಮುಷ್ಟಿ ಬಿಗಿಹಿಡಿದು ಕೂತಿದ್ದಳು. ಅವನು ಒಂದೊಂದೇ ಬೆರಳು ಬಿಡಿಸಿದ. ಬೀರುವಿನ ಕೀಲಿಕೈ. ಹೋದ ವಾರ ಚಮಚದ ಹಿಡಿ, ಅದರ ಹಿಂದಿನ ವಾರ ತಲೆಪಿನ್ನು. ಚೂಪಾದದ್ದನ್ನೆಲ್ಲ ಅಟ್ಟಕ್ಕೆ ಸೇರಿಸಿದ್ದರೂ, ಈಗ ತಿಂದ ತಿಂಡಿ ಈಗ ನೆನಪಿಲ್ಲದ, ಬಚ್ಚಲು ಎಲ್ಲಿದೆ ಎಂದು ದಿನಕ್ಕೆ ಹತ್ತು ಸಲ ಕೇಳುವ ಅವಳಿಗೆ ಇಂಥ ವಸ್ತು ಎಲ್ಲಿದೆ ಎಂಬುದು ಮಾತ್ರ ಹೇಗೋ ಗೊತ್ತಾಗಿಬಿಡುತ್ತಿತ್ತು. ‘ಯಾಕೆ ಹೀಗೆ ಮಾಡ್ತೀಯ?’ ಎಂದ. ಅವಳು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನನ್ನು ನೋಡುವಷ್ಟು ಸೌಜನ್ಯದಿಂದ ಅವನನ್ನು ನೋಡಿದಳು.

ಮೊದಲು ಆ ಪಟಕ್ಕೆ ಗಾಜೇ ಇತ್ತು. ನಾಲ್ಕು ತಿಂಗಳ ಹಿಂದೆ ಅವಳು ಲೋಟದಿಂದ ಕುಟ್ಟಿ ಒಡೆದು ಅಂಗೈ ಕುಯ್ದುಕೊಂಡಿದ್ದಳು. ಮೂರು ಹೊಲಿಗೆ ಬಿದ್ದವು. ಪಟದ ಅಂಗಡಿಯವನು ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಕೂರಿಸಿಕೊಟ್ಟು, ‘ಒಡೆಯೋ ಮಾತೇ ಇಲ್ಲ ಸಾರ್. ಆದ್ರೆ ಇದರ ಜಾತಿ ಮೆತ್ತಗೆ, ಜೋರಾಗಿ ನೋಡಿದ್ರೂ ಗೀರು ಬೀಳುತ್ತೆ’ ಎಂದು ನಕ್ಕಿದ್ದ. ಒಡೆದದ್ದು ಹೇಗೆ ಎಂದು ಅಂಗಡಿಯವನು ಕೇಳಿದಾಗ ಇವನು, ‘ಮಗಳ ಪಟ ಅದು. ತೀರ್ಕೊಂಡು ಹನ್ನೊಂದು ವರ್ಷ ಆಯ್ತು. ಅವಳಮ್ಮ ಮುಖ ಮುಟ್ಟೋಕೆ ಹೋಗ್ತಾಳೆ, ಗಾಜು ಅಡ್ಡ ಬರುತ್ತೆ’ ಎಂದುಬಿಟ್ಟಿದ್ದ. ಅಂಗಡಿಯವನ ನಗು ನಿಂತುಹೋಗಿ, ಅವನು ಚೌಕಟ್ಟನ್ನು ಇನ್ನೊಮ್ಮೆ ಒರೆಸಿಕೊಟ್ಟ. ಆ ಮಾತು ಎಲ್ಲಿಂದ ಬಂತೋ, ಅದಕ್ಕೂ ಮುಂಚೆ ಅವನು ಅದನ್ನು ಯೋಚಿಸಿರಲೇ ಇಲ್ಲ. ಆಮೇಲೆ ಅದನ್ನೇ ಡಾಕ್ಟರಿಗೆ ಹೇಳಿದ, ಕೆಳಗಿನ ಮನೆಯ ದರ್ಜಿಗೆ ಹೇಳಿದ, ಹೆಂಡತಿಯ ತಂಗಿಗೆ ಹೇಳಿದ. ಹೇಳಿದಷ್ಟೂ ಅದು ನಯವಾಗುತ್ತ ಬಂತು. ಕೇಳಿದವರೆಲ್ಲ ಅವಳಿಗಾಗಿ ಒಂದು ನಿಟ್ಟುಸಿರು, ಅವನಿಗಾಗಿ ಒಂದು ನಿಟ್ಟುಸಿರು ಬಿಡುತ್ತಿದ್ದರು. ತನ್ನ ಪಾಲಿನ ನಿಟ್ಟುಸಿರನ್ನು ಅವನು ತಲೆ ತಗ್ಗಿಸಿ ತೆಗೆದುಕೊಳ್ಳುತ್ತಿದ್ದ.

ಪಟವನ್ನು ಇಳಿಸಿಕೊಂಡು ಬಾಲ್ಕನಿಗೆ ಹೋದ. ಅಲ್ಲೊಂದು ಸಣ್ಣ ಮೇಜು, ಅದರ ಮೇಲೆ ಹಳೆಯ ಟವೆಲ್ಲು. ಮೊದಲು ಚೌಕಟ್ಟಿನ ಹಿಂದೆ ಮಡಚಿದ ಮೊಳೆ ಬಿಡಿಸಿ ರಟ್ಟು ತೆಗೆಯಬೇಕು. ಆಮೇಲೆ ಫೋಟೋವನ್ನು ಎತ್ತಿ, ಬೋರಲಾಗಿಸಿ, ಗಾಳಿಗೆ ಹಾರದಂತೆ ಮೇಲೊಂದು ಪುಸ್ತಕವಿಡಬೇಕು. ಆಮೇಲೆ ಪ್ಲಾಸ್ಟಿಕ್ ಹಾಳೆ. ಇದೇ ಕ್ರಮ, ಒಂದು ದಿನವೂ ತಪ್ಪಿದ್ದಿಲ್ಲ. ಹಾಳೆಯನ್ನು ಸೋಪಿನ ನೀರಿನಲ್ಲಿ ತೊಳೆಯದೆ ಉಜ್ಜಬಾರದು, ಮೇಲೆ ಕೂತ ಧೂಳಿನ ಕಣವೇ ಇನ್ನೊಂದು ಗೀರು ಎಳೆಯುತ್ತದೆ. ಕೂದಲೆಳೆಯಂಥ ಗೀರಾದರೆ ಬಿಳಿ ಟೂತ್‌ಪೇಸ್ಟು ಸಾಕು: ಹತ್ತಿಯ ಬಟ್ಟೆಗೆ ಕಡಲೆ ಕಾಳಿನಷ್ಟು ಹಚ್ಚಿ, ಭಾರ ಹಾಕದೆ, ಸುತ್ತುಸುತ್ತಾಗಿ ತಿಕ್ಕಿದರೆ ಮಾಯ. ಉಗುರು ಆಡಿಸಿದಾಗ ತಡೆಯುವಷ್ಟು ಆಳವಿದ್ದರೆ ಮರಳು ಕಾಗದವೇ ಬೇಕು. ಎಂಟುನೂರರದ್ದು ಮೊದಲು, ಆಮೇಲೆ ಸಾವಿರದೈನೂರರದ್ದು, ಕೊನೆಗೆ ಎರಡು ಸಾವಿರದ್ದು, ಅಂಕಿ ಹೆಚ್ಚಾದಷ್ಟೂ ಕಾಗದ ನುಣುಪು. ಎಲ್ಲವನ್ನೂ ನೀರಿನಲ್ಲಿ ನೆನೆಸಿಯೇ ಉಜ್ಜಬೇಕು, ಒಣಗಿದ್ದನ್ನು ಉಜ್ಜಿದರೆ ಹಾಳೆ ಬಿಸಿಯಾಗಿ ಕೆಡುತ್ತದೆ. ಮೊದಲ ಕಾಗದ ಹಾಕಿದಾಗ ಗೀರು ಹೋಗುವುದಿರಲಿ, ಸುತ್ತಲಿನ ಜಾಗವೆಲ್ಲ ಮಂಜು ಕವಿದಂತಾಗಿ ಎದೆ ಧಸಕ್ಕೆನ್ನುತ್ತದೆ. ಹೆದರಬಾರದು. ಒಂದು ಗೀರು ಹೋಗಬೇಕಾದರೆ ಅದರ ಸುತ್ತಲಿನದೂ ಅಷ್ಟೇ ಆಳಕ್ಕೆ ಇಳಿಯಬೇಕು, ಉಪಾಯವೇ ಅದು. ಹಾಗೆ ನೋಡಿದರೆ ಗೀರನ್ನು ಯಾರೂ ತೆಗೆಯುವುದಿಲ್ಲ, ಉಳಿದದ್ದನ್ನು ಗೀರಿನ ಮಟ್ಟಕ್ಕೆ ತರುತ್ತಾರೆ, ಅಷ್ಟೆ.

ಬಟ್ಟೆ ಸುತ್ತುಸುತ್ತಾಗಿ ಓಡುತ್ತಿತ್ತು. ಕೈಗೆ ಕೆಲಸವಿದ್ದಾಗ ಮನಸ್ಸು ಕಟ್ಟು ಬಿಚ್ಚಿದ ದನದಂತೆ ಎಲ್ಲೆಂದರಲ್ಲಿ ನುಗ್ಗುತ್ತದೆ. ಬೋರಲು ಬಿದ್ದಿದ್ದ ಫೋಟೋವನ್ನು ಅವನು ತೆಗೆದು ನೋಡಬೇಕಾಗಿರಲಿಲ್ಲ, ಬಾಯಿಪಾಠವಾಗಿತ್ತು. ಅದನ್ನು ತೆಗೆಸಿದಾಗ ಮಗಳಿಗೆ ಹನ್ನೊಂದು ವರ್ಷ. ಸ್ಟುಡಿಯೋದ ಎತ್ತರದ ಸ್ಟೂಲಿನ ಮೇಲೆ ಅವಳು, ಪಕ್ಕದಲ್ಲಿ ಅಮ್ಮ, ಹಿಂದೆ ಅವನು. ಫೋಟೋ ತೆಗೆಯುವವನು ಕಪ್ಪು ಬಟ್ಟೆಯಿಂದ ತಲೆ ಹೊರಗೆ ಹಾಕಿ, ‘ಪುಟ್ಟಿ, ಅಪ್ಪನ್ನ ಒಂದ್ಸಲ ಕೂಗು ನೋಡೋಣ, ನಗು ತಾನೇ ಬರುತ್ತೆ’ ಎಂದಿದ್ದ. ಅವಳು ಬಾಯಿ ತೆರೆದಳು. ಅ ಎಂಬಲ್ಲಿಗೆ ಸಿಕ್ಕಿಕೊಂಡಿತು. ದೀಪ ಹೊಳೆಯಿತು. ಮಾತು ಅಲ್ಲೇ ನಿಂತು ಫೋಟೋ ಆಯಿತು. ಬಾಯಿ ಅರ್ಧ ತೆರೆದಿದೆ, ಕತ್ತಿನ ನರ ಬಿಗಿದಿದೆ, ಕಣ್ಣುಗಳು ಮಾತ್ರ ಎದುರಿಗಿದ್ದವರನ್ನು ಸ್ವಲ್ಪ ತಾಳಿ ಎಂದು ಕೇಳಿಕೊಳ್ಳುತ್ತಿವೆ. ‘ಇದು ಬೇಡ, ಬಾಯಿ ಮುಚ್ಚಿಸಿ ಇನ್ನೊಂದು ತೆಗೀರಿ’ ಎಂದು ಅವನು ಹೇಳಿ, ಬಾಯಿ ಮುಚ್ಚಿದ ಇನ್ನೊಂದು ತೆಗೆದೂ ಆಗಿತ್ತು. ಆದರೆ ಹೆಂಡತಿ ಎಂದೂ ಇಲ್ಲದ ಹಟ ಹಿಡಿದು ಇದನ್ನೇ ಕಟ್ಟು ಹಾಕಿಸಿದಳು.

ಮಗಳಿಗೆ ಉಗ್ಗು ಇತ್ತು. ನಾಲ್ಕನೆಯ ವರ್ಷದಲ್ಲಿ ಶುರುವಾದದ್ದು. ತಾನಾಗಿ ಹೋಗುತ್ತದೆ ಬಿಡಿ ಎಂದು ಡಾಕ್ಟರು ಹೇಳಿದ್ದರು. ತಾನಾಗಿ ಹೋಗುತ್ತದೆ ಎಂದು ಬಿಟ್ಟರೆ ಯಾವ ದೋಷ ತಾನೇ ಹೋದೀತು, ಎಂಬುದು ಅವನ ವಾದ. ಅವಳು ಎಡವಿದ ಕೂಡಲೆ ‘ಮೊದಲಿಂದ’ ಎನ್ನುತ್ತಿದ್ದ. ಗದರುತ್ತಿರಲಿಲ್ಲ. ಕೈ ಎತ್ತಿದವನಂತೂ ಅಲ್ಲವೇ ಅಲ್ಲ. ತಟ್ಟೆಯ ಮುಂದೆ ಕೈ ಕಟ್ಟಿ ಕೂತು, ಬಹಳ ತಾಳ್ಮೆಯಿಂದ, ‘ಮೊದಲಿಂದ ಹೇಳು.’ ಅವಳು ಮತ್ತೆ ಶುರುಮಾಡುತ್ತಿದ್ದಳು. ಮತ್ತೆ ಅಲ್ಲೇ ನಿಲ್ಲುತ್ತಿತ್ತು. ‘ಮೊದಲಿಂದ.’ ಅನ್ನ ಆರಿಹೋಗುತ್ತಿತ್ತು. ಅಮ್ಮ ಎಂಬುದು ಅವಳಿಗೆ ಸಲೀಸಾಗಿ ಬರುತ್ತಿತ್ತು, ಅಪ್ಪ ಎಂಬುದು ಬರುತ್ತಿರಲಿಲ್ಲ. ಎರಡೂ ಒಂದೇ ಅಕ್ಷರದಿಂದ ಶುರುವಾಗುವ ಮಾತು, ಒಂದು ಬಂದಮೇಲೆ ಇನ್ನೊಂದು ಬರಲೇಬೇಕಲ್ಲ, ಎಂದು ಅವನು ಲೆಕ್ಕದ ಮೇಷ್ಟರಂತೆ ಅವಳಿಗೆ ವಿವರಿಸಿದ್ದುಂಟು. ಹೌದೆಂದು ಅವಳು ತಲೆಯಾಡಿಸಿದ್ದಳು, ಪಾಪ, ಅವಳಿಗೂ ಅದು ಸರಿಯೆಂದೇ ಕಂಡಿತ್ತು. ಬರಬರುತ್ತ ಅವನಿದ್ದಾಗ ಅವಳು ಮಾತನ್ನೇ ಬಿಟ್ಟಳು. ಅಡುಗೆಮನೆಯಲ್ಲಿ ತಾಯಿ ಮಗಳ ಪಿಸುಮಾತು ನಡೆಯುತ್ತಿರುತ್ತಿತ್ತು, ಅವನು ನೀರು ಕುಡಿಯಲು ಒಳಗೆ ಕಾಲಿಟ್ಟರೆ ನಲ್ಲಿ ತಿರುಗಿಸಿದಂತೆ ನಿಲ್ಲುತ್ತಿತ್ತು. ನೀರು ಕುಡಿದು, ಲೋಟ ಬೋರಲು ಹಾಕಿ, ಅವನು ಹೊರಗೆ ಬರುತ್ತಿದ್ದ. ಓದು ಮುಗಿಸಿ ಅವಳು ಬೇರೆ ಊರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬೊಂದಕ್ಕೆ ಸೇರಿದಳು. ಮಾತಾಡಬೇಕಿಲ್ಲದ ಕೆಲಸ ಹುಡುಕಿಕೊಂಡಿದಾಳೆ, ಜಾಣೆ, ಎಂದು ಅವನು ಹೆಂಡತಿಯೆದುರು ಮೆಚ್ಚಿಕೊಂಡಿದ್ದ. ಹೆಂಡತಿ ಆ ಹೊತ್ತು ಊಟಕ್ಕೇಳಲಿಲ್ಲ. ಯಾಕೆಂದು ಅವನಿಗೆ ತಿಳಿಯಲಿಲ್ಲ, ತಲೆನೋವಿರಬೇಕು ಎಂದುಕೊಂಡ.

ಆಮೇಲಿನದನ್ನು ನೆನೆಯಬಾರದೆಂದರೆ ಬಟ್ಟೆಯನ್ನು ಇನ್ನೂ ಬೇಗ ಆಡಿಸಬೇಕಾಗುತ್ತಿತ್ತು. ಆಡಿಸಿದರೂ ಅದು ಬಂದೇ ಬಂತು. ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ, ಕೈ ತೊಳೆದು ನಡುಮನೆಗೆ ಬಂದಾಗ ಫೋನು ಬಡಿದುಕೊಳ್ಳುತ್ತಿತ್ತು. ರಿಸೀವರ್ ಎತ್ತಿ ‘ಹಲೋ’ ಎಂದ. ಅತ್ತಲಿಂದ ಮಾತಿಲ್ಲ. ಎಲ್ಲೋ ದೂರದಲ್ಲಿ ಗಾಲಿ ಉರುಳುವ ಸದ್ದು, ಯಾರೋ ಕೆಮ್ಮಿದ್ದು. ಆಮೇಲೆ ಹತ್ತಿರದಲ್ಲೇ ಒಂದು ಉಸಿರು, ಮೇಲಕ್ಕೆಳೆದು ಅಲ್ಲೇ ಹಿಡಿದದ್ದು. ಆ ಉಸಿರನ್ನು ಅವನು ನೂರು ಉಸಿರಿನ ನಡುವೆ ಗುರುತಿಸಬಲ್ಲವನಾಗಿದ್ದ. ತಟ್ಟೆಯ ಮುಂದೆ ಅಷ್ಟು ವರ್ಷ ಕೂತು ಕೇಳಿದ್ದು ಅದನ್ನೇ. ಪುಟ್ಟಿ, ಎಂದು ಒಂದು ಮಾತು ಅವನೇ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಅನ್ನಲಿಲ್ಲ. ಇಪ್ಪತ್ತಾರು ವರ್ಷದವಳು, ಸಂಬಳ ತರುವವಳು, ಒಂದು ಸಲವಾದರೂ ಅಪ್ಪ ಎಂದು ನೆಟ್ಟಗೆ ಅನ್ನಲಿ, ಎಂದು ಕಾದ. ಉಸಿರು ಬಿಟ್ಟು ಮತ್ತೆ ಎಳೆದುಕೊಂಡಿತು. ಕಾದ. ಮೂರನೆಯ ಸಲಕ್ಕೆ ಅವನಿಗೆ ಎಲ್ಲಿಂದ ಬಂತೋ ಆ ಸಿಟ್ಟು, ‘ಯಾರ್ರೀ ಅದು? ಮಾತಾಡೋಕೆ ಬರದೆ ಇದ್ರೆ ಫೋನ್ ಯಾಕೆ ಮಾಡ್ತೀರಿ?’ ಎಂದು ಇಟ್ಟುಬಿಟ್ಟ. ಗೊತ್ತಿಲ್ಲದವರೊಂದಿಗೆ ಆಡುವಂತೆ ಬಹುವಚನ ಹಚ್ಚಿ ಆಡಿದ್ದ. ಹೆಂಡತಿ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದಳು. ‘ಯಾರದು?’ ‘ಯಾರೋ, ರಾಂಗ್ ನಂಬರ್.’ ಅವಳು ರಿಸೀವರಿನ ಕಡೆಗೆ ಚಾಚಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವನು ಪೇಪರು ಹಿಡಿದು ಫೋನಿನ ಪಕ್ಕದಲ್ಲೇ ಸಂಜೆಯವರೆಗೆ ಕೂತಿದ್ದ. ಅದು ಮತ್ತೆ ಬಡಿದುಕೊಳ್ಳಲಿಲ್ಲ. ಬುಧವಾರ ಬೆಳಿಗ್ಗೆ ಬಡಿದುಕೊಂಡಾಗ ಅತ್ತ ಮಾತಾಡಿದ್ದು ಆಸ್ಪತ್ರೆಯ ಗುಮಾಸ್ತ. ಜ್ವರ, ಎದೆಗೆ ಇಳಿದದ್ದು, ಐದೇ ದಿನದಲ್ಲಿ ಎಲ್ಲ ಮುಗಿದಿತ್ತು. ಮಗಳನ್ನು ಕರೆದುಕೊಂಡು ಬರಲು ಇಬ್ಬರೂ ಹೋದಾಗ ಮಲಯಾಳಿಯೋ ಏನೋ, ಬೇರೆ ನುಡಿಯ ಮೆಲುದನಿಯ ನರ್ಸೊಬ್ಬಳು, ‘ಭಾನುವಾರ ಅವರೇ ಎದ್ದು ಬಂದು ಮನೆಗೆ ಫೋನ್ ಮಾಡಿದ್ರಮ್ಮ. ಮನೇಲಿ ಯಾರೂ ಇಲ್ಲ ಅಂತ ಚೀಟಿ ಬರೆದು ತೋರಿಸಿದ್ರು’ ಎಂದಳು. ಹೆಂಡತಿ ಅವನ ಕಡೆ ತಿರುಗಿ ನೋಡಿದಳು. ಒಂದೇ ಸಲ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಈಗ ಅವಳು ಮರೆತಿದ್ದಳು. ರೋಗ ಇಂಥದ್ದೆಂದು ಡಾಕ್ಟರು ಹೇಳಿದ ದಿನ, ಎದೆಯ ಯಾವುದೋ ಮೂಲೆಯಲ್ಲಿ ಒಂದು ಹಗುರತನ ಅವನಿಗೆ ತಟ್ಟಿತ್ತು. ಅದನ್ನು ಗುರುತಿಸಿ ನಾಚಿಕೆಯಿಂದ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ.

ಹತ್ತು ಗಂಟೆಯ ಹೊತ್ತಿಗೆ ಹೆಂಡತಿಯ ತಂಗಿ ಬಂದಳು. ಶಾಲೆಯೊಂದರಲ್ಲಿ ಗುಮಾಸ್ತೆ, ಹದಿನೈದು ದಿನಕ್ಕೊಮ್ಮೆ ಅಕ್ಕನ ತಲೆ ತೊಳೆದು ಬಾಚಿ ಹೋಗುತ್ತಾಳೆ. ಬಾಯಿ ತುಂಬ ಮಾತು. ಬಚ್ಚಲಿನಿಂದ ಅವಳ ದನಿ ನೀರಿನ ಸದ್ದಿಗಿಂತ ಮೇಲೆ ಕೇಳುತ್ತಿತ್ತು: ‘ಕಣ್ಣು ಮುಚ್ಕೋ ಅಕ್ಕ, ಸೋಪು ಹೋಗುತ್ತೆ. ಅಯ್ಯೋ, ನನ್ನನ್ನೇ ಯಾರು ಅಂತೀಯಲ್ಲೇ, ಚಿಕ್ಕವಳಿದ್ದಾಗ ನನ್ನ ಜಡೆ ಕತ್ತರಿಸಿದ್ದಾದ್ರೂ ನೆನಪಿದ್ಯಾ?’ ಅಕ್ಕನನ್ನು ಬಿಸಿಲಿಗೆ ಕೂರಿಸಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾಲ್ಕನಿಗೆ ಬಂದು ನಿಂತಳು.

‘ಮತ್ತೆ ಗೀಚಿದ್ಲಾ ಭಾವ?’

‘ಹೂಂ. ಕೀಲಿಕೈ ಸಿಕ್ಕಿತ್ತು.’

‘ನಮ್ಮ ಸ್ಟಾಫ್‌ರೂಮಲ್ಲಿ ನಿಮ್ಮ ವಿಷಯ ಹೇಳ್ತಿರ್ತೀನಿ. ದಿನಾ ಕೂತು ಉಜ್ಜಿ ಉಜ್ಜಿ ಸರಿ ಮಾಡಿಡ್ತಾರೆ, ಒಂದು ದಿನ ಬೇಜಾರು ಅಂದಿಲ್ಲ ಅಂತ. ಒಬ್ಬಳಂತೂ ಅತ್ತೇಬಿಟ್ಲು. ಅಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಅಂದ್ಲು.’

ಅವನು ಬಟ್ಟೆ ಮಡಿಸಿ ಹೊಸ ಮಗ್ಗುಲು ಹುಡುಕಿದ. ಅವಳು ಪುಸ್ತಕ ಸರಿಸಿ ಫೋಟೋ ಕೈಗೆತ್ತಿಕೊಂಡಳು. ‘ಪುಟ್ಟಿ ಕಣ್ಣು ನೋಡಿ, ಥೇಟ್ ನಮ್ಮಕ್ಕನದ್ದೇ’ ಎಂದು, ಮಾತಿನ ಮಧ್ಯೆಯೇ, ಒರೆಸಿಟ್ಟ ಪ್ಲಾಸ್ಟಿಕ್ ಹಾಳೆಯನ್ನು ಅವನ ಮುಂದಿನಿಂದ ತೆಗೆದು ಫೋಟೋದ ಮೇಲೆ ಹೊಂದಿಸಿ ಬಿಸಿಲಿಗೆ ಹಿಡಿದಳು. ಬೇಡ ಎನ್ನುವಷ್ಟೂ ಪುರುಸೊತ್ತಾಗಲಿಲ್ಲ. ಅವಳ ಹುಬ್ಬು ಗಂಟಾಯಿತು.

‘ಆದ್ರೆ ಭಾವ, ಪುಟ್ಟಿ ಮುಖದ ಮೇಲೆ ಒಂದು ಗೀರೂ ಇಲ್ವಲ್ಲ?’

‘ಅಲ್ಲಿದ್ದದ್ದನ್ನ ಮೊದಲೇ ತೆಗೆದೆ’ ಎಂದ. ತಡವರಿಸದೆ ಬಂತು ಆ ಸುಳ್ಳು, ನೆಟ್ಟಗೆ, ಒಂದಕ್ಷರ ಎಡವದೆ.

‘ಹಾಗಾದ್ರೆ ಇವು? ಎಲ್ಲಾ ನಿಮ್ಮ...’ ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅವನನ್ನು ನೋಡಲಿಲ್ಲ. ಹಾಳೆ, ಫೋಟೋ ಎರಡನ್ನೂ ಮೇಜಿನ ಮೇಲೆ ಮೆಲ್ಲಗೆ ಇಟ್ಟು, ‘ಪಾಪ, ಅವಳಿಗೇನು ಗೊತ್ತಾಗುತ್ತೆ, ಕೈಗೆ ಬಂದಲ್ಲಿ ಗೀಚ್ತಾಳೆ’ ಎಂದಳು. ಯಾವತ್ತೂ ಇದ್ದು ಊಟ ಮಾಡಿ ಹೋಗುತ್ತಿದ್ದವಳು ಅಂದು ಶಾಲೆಯಲ್ಲಿ ಕೆಲಸವಿದೆ ಎಂದು ಹೊರಟಳು. ಭಾನುವಾರವೆಂಬುದು ಇಬ್ಬರಿಗೂ ಗೊತ್ತಿತ್ತು.

ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋದ ಮೇಲೆ ಅವನು ಹಾಳೆಯನ್ನು ಫೋಟೋದ ಮೇಲಿಟ್ಟು ನೋಡಿದ. ಏಳು ಗೀರು, ಅಷ್ಟು ಉಜ್ಜಿದರೂ ಪೇಸ್ಟಿಗೆ ಒಂದೂ ಜಗ್ಗಿರಲಿಲ್ಲ. ಏಳೂ ಹಿಂದೆ ನಿಂತ ಗಂಡಸಿನ ಮುಖದ ಮೇಲೆ. ಎರಡು ಕಣ್ಣಿಗೆ, ಮೂರು ಬಾಯಿಗೆ, ಉಳಿದವು ಅಡ್ಡಡ್ಡ. ತೋಳಿನಳತೆಯ ದೂರದಿಂದ ಕೂದಲೆಳೆ ಗೀರು ಹಿಡಿಯುತ್ತಿದ್ದವನು, ಚಂದ್ರನನ್ನೂ ಡಬ್ಬಕ್ಕೆ ಹಾಕುವವನು, ನಾಲ್ಕು ತಿಂಗಳು ದಿನವೂ ಮೊದಲು ಫೋಟೋವನ್ನು ಬೋರಲು ಹಾಕಿ ಆಮೇಲೆ ಹಾಳೆಯನ್ನು ಮುಟ್ಟಿದ್ದ. ಕ್ರಮ ತಪ್ಪಿರಲಿಲ್ಲ. ಇಲ್ಲ, ಗೊತ್ತಿರಲಿಲ್ಲ, ನಿಜವಾಗಿ ಗೊತ್ತಿರಲಿಲ್ಲ, ಎಂದು ಯಾರಿಗೋ ಹೇಳಿಕೊಂಡ. ಆ ಯಾರೋ ನಂಬಲಿಲ್ಲ.

ಬಾಗಿಲಲ್ಲಿ ನೆರಳಾಡಿತು. ಹೆಂಡತಿ ಒದ್ದೆ ಕೂದಲನ್ನು ಬೆನ್ನಿಗೆ ಬಿಟ್ಟುಕೊಂಡು ಬಂದು ಮೇಜಿನ ಮೇಲಿದ್ದ ಬಟ್ಟೆ, ನೀರಿನ ಬೋಗುಣಿ, ಕಾಗದದ ಚೂರುಗಳನ್ನು ಗಮನವಿಟ್ಟು ನೋಡಿದಳು.

‘ನೀವು ಪಟದ ಅಂಗಡಿಯವರಾ?’

ನಾನು ಕಣೇ, ಎನ್ನಲು ಬಾಯಿ ತೆರೆದ. ಮಾತು ಬರಲಿಲ್ಲ. ಅವಳು ಕಾದಳು, ಅವಸರವಿಲ್ಲದೆ.

‘ಹೌದಮ್ಮ’ ಎಂದ. ಮದುವೆಯಾದ ಮೇಲೆ ಅವಳನ್ನು ಹಾಗೆ ಮಾತಾಡಿಸಿದ್ದು ಅದೇ ಮೊದಲು.

‘ಎಷ್ಟು ದಿನದಿಂದ ಹೇಳಿಕಳಿಸ್ತಿದೀನಿ! ಇವತ್ತು ಬಂದ್ರಿ.’

‘ತಡ ಆಯ್ತು.’

‘ಹೋಗ್ಲಿ ಬಿಡಿ. ನೋಡಿ, ಇವನನ್ನ ಇಲ್ಲಿಂದ ತೆಗೆದುಬಿಡಿ’ ಎಂದು ಗಂಡಸಿನ ಮೇಲೆ ಬೆರಳಿಟ್ಟಳು. ‘ನಾನೇ ಕೆರೆದು ಕೆರೆದು ಸಾಕಾಯ್ತು. ಅತ್ತ ಹೋಗಿ ಇತ್ತ ಬರೋಷ್ಟರಲ್ಲಿ ಮತ್ತೆ ಬಂದು ನಿಂತಿರ್ತಾನೆ, ತೊಳೆದ ಮುತ್ತಿನ ಹಾಗೆ.’

‘ಯಾಕಮ್ಮ, ಅವರೇನು ಮಾಡಿದ್ರು?’

‘ಏನೂ ಮಾಡಲ್ಲ. ಸುಮ್ನೆ ನಿಂತಿರ್ತಾನೆ. ಎಲ್ಲಿ ತಪ್ಪುತ್ತೆ, ಎಲ್ಲಿ ತಪ್ಪುತ್ತೆ ಅಂತ ಕಾಯ್ತಾ. ಮಗು ಬಾಯಿ ತೆರೆದು ಎಷ್ಟು ಹೊತ್ತಾಯ್ತು ನೋಡಿ. ಏನೋ ಹೇಳ್ಬೇಕು ಅಂತಿದೆ ಅದು. ಇವನಿರೋವರೆಗೂ ಹೇಳಲ್ಲ.’

ಹೇಳುವುದಿದ್ದರೆ ಈಗಲೇ ಎನಿಸಿತು, ಅಂಗಡಿಯವನಾಗಿಯಾದರೂ. ‘ಅವರಿಗೆ ಗೊತ್ತಿತ್ತಮ್ಮ’ ಎಂದ. ‘ಅವತ್ತು ಫೋನ್ ಬಂತಲ್ಲ. ಮಗಳೇ ಅಂತ ಗೊತ್ತಿದ್ದೂ ಇಟ್ಟುಬಿಟ್ರು.’

‘ಗೊತ್ತಿತ್ತು’ ಎಂದಳು ಅವಳು, ಗಂಟೆ ಎಷ್ಟೆಂದು ಕೇಳಿದವರಿಗೆ ಹೇಳುವಂತೆ. ‘ಅವನಿಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು.’

ಅಷ್ಟೆ. ಅಳಲಿಲ್ಲ, ದನಿ ಏರಿಸಲಿಲ್ಲ. ಮೇಜಿನ ಮೇಲೆ ಚೆಲ್ಲಿದ್ದ ಟೂತ್‌ಪೇಸ್ಟಿನ ಚುಕ್ಕೆಯನ್ನು ಸೆರಗಿನ ತುದಿಯಿಂದ ಒರೆಸಿದಳು. ಅವನು ಎಂಟುನೂರರ ಕಾಗದದ ಚೂರನ್ನು ತೆಗೆದುಕೊಂಡ. ನೆನೆಸಲಿಲ್ಲ. ಹಾಳೆಯನ್ನು ಫೋಟೋದ ಮೇಲೆ ಸರಿಯಾಗಿ ಕೂರಿಸಿ, ಹೆಬ್ಬೆರಳಗಲದ ಆ ಜಾಗದ ಮೇಲೆ ಒಣ ಕಾಗದವನ್ನು ಅದುಮಿ ಉಜ್ಜತೊಡಗಿದ. ಕರಕರ ಸದ್ದಾಯಿತು. ಮೊದಲು ಬಾಯಿ ಮಸುಕಾಯಿತು, ಆಮೇಲೆ ಮೂಗು, ಕನ್ನಡಕ, ಒಪ್ಪವಾಗಿ ಬಾಚಿದ ತಲೆ. ಬೆರಳ ತುದಿ ಉರಿಯಿತು, ಹಾಳೆ ಬಿಸಿಯಾಯಿತು, ಬಿಳಿಯ ಹಿಟ್ಟು ಉದುರಿತು. ಬಾಯಿಂದ ಊದಿದ. ಹಿಂದೆ ನಿಂತವನ ಜಾಗದಲ್ಲಿ ಮಂಜಿನ ಒಂದು ಉಂಡೆ, ಅದರ ಕೆಳಗೆ ಒಂದು ಕೋಟು, ಕುತ್ತಿಗೆಪಟ್ಟಿ. ನುಣುಪು ಕಾಗದಗಳನ್ನು ಅವನು ಮುಟ್ಟಲಿಲ್ಲ. ರಟ್ಟು ಹಾಕಿ, ಮೊಳೆ ಮಡಚಿ, ಪಟವನ್ನು ಅವಳ ಕೈಗಿಟ್ಟ.

ಅವಳು ಬೆಳಕಿಗೆ ಹಿಡಿದು ನೋಡಿದಳು. ‘ಒಳ್ಳೇ ಕೆಲಸಗಾರರು ನೀವು’ ಎಂದಳು. ಆಮೇಲೆ ಏನೋ ನೆನಪಾದವಳಂತೆ ದನಿ ತಗ್ಗಿಸಿ, ‘ನಮ್ಮನೆಯವರು ಬರೋ ಹೊತ್ತಾಯ್ತು. ಅವರು ಕಂಡ್ರೆ ಇದರಲ್ಲೂ ಏನಾದ್ರೂ ತಪ್ಪು ಹುಡುಕ್ತಾರೆ. ಬೇಜಾರು ಮಾಡ್ಕೋಬೇಡಿ, ಅಷ್ಟರೊಳಗೆ ಹೊರಟುಬಿಡಿ’ ಎಂದಳು.

‘ಆಗ್ಲಮ್ಮ’ ಎಂದ.

ಚಪ್ಪಲಿ ಮೆಟ್ಟಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಹೊರಗೆ ಮೆಟ್ಟಿಲ ಮೇಲೆ ಬಂದು ನಿಂತ. ಕೆಳಗಿನ ಮನೆಯಲ್ಲಿ ದರ್ಜಿಯ ಮಿಷನ್ನು ಓಡುತ್ತಿತ್ತು. ಅದು ನಿಂತಾಗ ಒಳಗೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿತು. ‘ಹೇಳು ಪುಟ್ಟಿ’ ಎಂದಳು ಅವಳು. ‘ನಿಧಾನ. ನಂಗೇನೂ ಅವಸರ ಇಲ್ಲ.’ ಬಹಳ ಹೊತ್ತು ಏನೂ ಇಲ್ಲ. ಅವನು ಗೋಡೆಗೆ ಕೈಕೊಟ್ಟು ಉಸಿರು ಬಿಗಿಹಿಡಿದ. ತನ್ನ ಉಸಿರಿನ ಸದ್ದು ಒಳಗೆ ಕೇಳಿಬಿಟ್ಟೀತೆಂದು ಅವನಿಗೆ ಹೆದರಿಕೆ. ಆಮೇಲೆ ಒಳಗಿನಿಂದ ಹೆಂಡತಿ ‘ಹೂಂ’ ಎಂದದ್ದು ಕೇಳಿತು. ಸ್ವಲ್ಪ ಬಿಟ್ಟು ಇನ್ನೊಂದು ‘ಹೂಂ’. ಆಮೇಲೆ, ‘ಹೌದಾ? ಆಮೇಲೆ?’